ಮೊದಲು ಹೊರಗಿನ ಗಾಳಿ, ಆಮೇಲೆ ಆಕ್ಸಿಜನ್: ಅನಲೈಜರ್ ಬಳಸುವ ಕ್ರಮ, ಸೆನ್ಸರ್ ಕಾಯುವ ಬಗೆ

ಕಾನ್ಸಂಟ್ರೇಟರ್‌ಗೆ ಸಿಕ್ಕಿಸಿದ ನೀರಿನ ಬಾಟಲಿಯಲ್ಲಿ ಗುಳ್ಳೆ ಏಳುತ್ತಿದ್ದರೆ ಮನೆಯವರಿಗೆ ಸಮಾಧಾನ. ಆಕ್ಸಿಜನ್ ಬರುತ್ತಿದೆ ಎಂಬ ಧೈರ್ಯ. ಆದರೆ ಆ ಗುಳ್ಳೆ ಹೇಳುವುದು ಯಾವುದೋ ಒಂದು ಅನಿಲ ಹರಿಯುತ್ತಿದೆ ಎಂದಷ್ಟೇ. ಯಂತ್ರದೊಳಗಿನ ಜಿಯೋಲೈಟ್ ಹರಳು ತೇವ ಹೀರಿ ಕೆಟ್ಟು, ಸಾರಜನಕವನ್ನು ಹಿಡಿದಿಡುವ ಶಕ್ತಿ ಕಳೆದುಕೊಂಡಿದ್ದರೂ ಗುಳ್ಳೆಗಳು ಮೊದಲಿನಂತೆಯೇ ಏಳುತ್ತವೆ. ಫ್ಲೋಮೀಟರ್‌ನ ಗುಂಡು ಐದು ಲೀಟರಿನ ಗೆರೆ ಬಿಟ್ಟು ಕದಲುವುದಿಲ್ಲ. ಟ್ಯೂಬಿನಲ್ಲಿ ಬರುತ್ತಿರುವುದು ಶೇ. 93ರ ಆಕ್ಸಿಜನ್ನೋ ಶೇ. 60ರದ್ದೋ ಎಂದು ಖಚಿತವಾಗಿ ತಿಳಿಯಬೇಕಾದರೆ ಆಕ್ಸಿಜನ್ ಅನಲೈಜರ್‌ನಿಂದ ಅಳೆಯಬೇಕು.

ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಬೇರೆ, ಇದು ಬೇರೆ. ಆಕ್ಸಿಮೀಟರ್ ರೋಗಿಯ ರಕ್ತವನ್ನು ನೋಡುತ್ತದೆ, ಅನಲೈಜರ್ ರೋಗಿಗೆ ಕೊಡುವ ಅನಿಲವನ್ನು ನೋಡುತ್ತದೆ. ಕೋವಿಡ್‌ನ ಎರಡನೇ ಅಲೆ ಬಂದ 2021ರಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸುವ ಪಿಎಸ್‌ಎ ಪ್ಲಾಂಟ್‌ಗಳು ಎದ್ದು ನಿಂತವು, ಕಾನ್ಸಂಟ್ರೇಟರ್‌ಗಳು ದಾನವಾಗಿ ಬಂದವು. ಅವುಗಳ ಜೊತೆಗೇ ಅಂಗೈಯಗಲದ ಈ ಮೀಟರುಗಳೂ ಬಂದವು. ಪ್ಲಾಂಟ್ ನಡೆಸುವವರು, ಸ್ಟಾಫ್ ನರ್ಸ್‌ಗಳು, ಬಯೋಮೆಡಿಕಲ್ ಎಂಜಿನಿಯರ್‌ಗಳು, ಮನೆಯಲ್ಲೇ ಹಿರಿಯರಿಗೆ ಆಕ್ಸಿಜನ್ ಕೊಡುತ್ತಿರುವವರು, ಹೀಗೆ ಇದನ್ನು ಹಿಡಿಯುವ ಕೈಗಳು ಈಗ ಬಹಳ. ಸೆನ್ಸರ್ ಎಂಬುದು ದಿನದಿನಕ್ಕೆ ಸವೆಯುವ ವಸ್ತು ಎಂದು ತಿಳಿದು ಬಳಸುವವರು ಅಷ್ಟಿಲ್ಲ. ಸವೆದ ಸೆನ್ಸರ್ ಸುಮ್ಮನಾಗುವುದಿಲ್ಲ, ತಪ್ಪು ಅಂಕಿ ತೋರಿಸುತ್ತಲೇ ಇರುತ್ತದೆ. ಅಪಾಯ ಇರುವುದು ಅಲ್ಲಿಯೇ.

ಆ ಅಪಾಯ ಎಷ್ಟು ದೊಡ್ಡದು ಎಂಬುದಕ್ಕೆ ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ವಾರ್ಡನ್ನು ನೋಡಬೇಕು. 1940ರ ದಶಕದಲ್ಲಿ ಶ್ರೀಮಂತ ದೇಶಗಳ ಆಸ್ಪತ್ರೆಗಳಲ್ಲಿ ಇಂಥ ಸಾವಿರಾರು ಮಕ್ಕಳು ಕುರುಡಾದರು. ಇನ್‌ಕ್ಯುಬೇಟರ್‌ನೊಳಗೆ ಧಾರಾಳವಾಗಿ ಬಿಟ್ಟ ಆಕ್ಸಿಜನ್ನೇ ಇದಕ್ಕೆ ಕಾರಣವಿರಬಹುದೆಂದು 1951ರಲ್ಲಿ ಮೆಲ್ಬರ್ನ್‌ನ ವೈದ್ಯೆ ಕೇಟ್ ಕ್ಯಾಂಪ್‌ಬೆಲ್ ಬರೆದರು. ಮುಂದಿನ ಕೆಲವೇ ವರ್ಷಗಳಲ್ಲಿ ಅಮೆರಿಕದಲ್ಲಿ ನಡೆದ ಪರೀಕ್ಷೆ ಅದನ್ನು ದೃಢಪಡಿಸಿತು. ಅಷ್ಟರೊಳಗೆ ಅಳೆಯುವ ಸಾಧನವೂ ಸಿದ್ಧವಿತ್ತು. 1940ರಲ್ಲಿ ರಸಾಯನಶಾಸ್ತ್ರಜ್ಞ ಲೈನಸ್ ಪಾಲಿಂಗ್ ಜಲಾಂತರ್ಗಾಮಿಯೊಳಗಿನ ಗಾಳಿಯನ್ನು ಅಳೆಯಲೆಂದು ರೂಪಿಸಿದ ಮೀಟರು, ಯುದ್ಧ ಮುಗಿದ ಮೇಲೆ ಇನ್‌ಕ್ಯುಬೇಟರ್‌ಗಳ ಪಕ್ಕಕ್ಕೆ ಬಂತು. ನಮ್ಮಲ್ಲೂ ಈ ಕಣ್ಣಿನ ತೊಂದರೆ ಹಳೆಯ ಕಥೆಯಾಗಿಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಕಾರ್ಯಕ್ರಮದಲ್ಲಿ ತಂತ್ರಜ್ಞರು ಜಿಲ್ಲೆ ಜಿಲ್ಲೆಯ ನವಜಾತ ಶಿಶು ಘಟಕಗಳಿಗೆ ಹೋಗಿ ಮಕ್ಕಳ ಅಕ್ಷಿಪಟಲದ ಚಿತ್ರ ತೆಗೆಯುತ್ತಿರುವುದು ಇದೇ ಕಾರಣಕ್ಕೆ. ಮೀಟರು ಇರುವುದಕ್ಕಿಂತ ಕಡಿಮೆ ತೋರಿಸಿದರೆ ನರ್ಸ್ ಆಕ್ಸಿಜನ್ ಏರಿಸುತ್ತಾರೆ, ಮಗುವಿಗೆ ಬೇಡದಷ್ಟು ಹೋಗುತ್ತದೆ. ಹೆಚ್ಚು ತೋರಿಸಿದರೆ ಇಳಿಸುತ್ತಾರೆ, ಉಸಿರಿಗೆ ಸಾಲದು. ತಪ್ಪು ಎರಡು ಕಡೆಗೂ ಕೆಟ್ಟದ್ದೇ.

ಸೆನ್ಸರ್‌ನೊಳಗೆ ಏನಿದೆ

ಕೈಯಲ್ಲಿ ಹಿಡಿಯುವ ಅನಲೈಜರ್‌ಗಳಲ್ಲಿ ಹೆಚ್ಚಿನವು ಗ್ಯಾಲ್ವಾನಿಕ್ ಸೆನ್ಸರ್ ಇರುವಂಥವು. ಪ್ಲಾಸ್ಟಿಕ್ಕಿನ ಪುಟ್ಟ ಡಬ್ಬಿ, ಒಳಗೆ ಸೀಸದ ಒಂದು ತುಂಡು, ಚಿನ್ನ ಅಥವಾ ಬೆಳ್ಳಿ ಲೇಪಿಸಿದ ಇನ್ನೊಂದು ಧ್ರುವ, ನಡುವೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನ ಕ್ಷಾರದ ದ್ರಾವಣ. ಮುಖಕ್ಕೆ ತೆಳುವಾದ ಟೆಫ್ಲಾನ್ ಪೊರೆ. ಪೊರೆ ದಾಟಿ ಬಂದ ಆಕ್ಸಿಜನ್ ಸೀಸವನ್ನು ಸೀಸದ ಆಕ್ಸೈಡ್ ಮಾಡುತ್ತದೆ, ಆ ಕ್ರಿಯೆಯಲ್ಲಿ ಕೆಲವೇ ಮಿಲಿವೋಲ್ಟ್‌ನಷ್ಟು ವಿದ್ಯುತ್ತು ಹುಟ್ಟುತ್ತದೆ. ಮೀಟರು ಅದನ್ನೇ ಶೇಕಡಾವಾರಿಗೆ ತಿರುಗಿಸಿ ಪರದೆಯ ಮೇಲೆ ತೋರಿಸುತ್ತದೆ. ಹಣತೆಗೆ ಎಣ್ಣೆ ಹೇಗೋ ಈ ಸೆನ್ಸರ್‌ಗೆ ಸೀಸ ಹಾಗೆ. ಉರಿದಷ್ಟೂ ಇಳಿಯುತ್ತದೆ, ಮತ್ತೆ ತುಂಬಲು ಬರುವುದಿಲ್ಲ. ಮೀಟರನ್ನು ಆಫ್ ಮಾಡಿ ಕಪಾಟಿನಲ್ಲಿಟ್ಟರೂ ಕೋಣೆಯ ಗಾಳಿಯಲ್ಲಿರುವ ಆಕ್ಸಿಜನ್ ಒಳಗೆ ಹೋಗುತ್ತಲೇ ಇರುತ್ತದೆ. ಆದ್ದರಿಂದ "ಬಳಸೇ ಇಲ್ಲ, ಹೊಸದರಂತೆಯೇ ಇದೆ" ಎಂಬ ಮಾತು ಈ ಸೆನ್ಸರ್‌ಗೆ ಒಪ್ಪುವುದಿಲ್ಲ. ಸೀಲ್ ಒಡೆದ ದಿನದಿಂದ ಅದರ ಆಯುಸ್ಸು ಲೆಕ್ಕ.

ಆ ಲೆಕ್ಕವನ್ನು ಕಂಪನಿಗಳು ಹಲವು ಸಲ 'ಶೇಕಡಾ-ಗಂಟೆ'ಗಳಲ್ಲಿ ಕೊಡುತ್ತವೆ. ಐದು ಲಕ್ಷ ಶೇಕಡಾ-ಗಂಟೆಯ ಒಂದು ಸೆನ್ಸರ್ ಇದೆ ಎನ್ನಿ. ಶೇ. 20.9 ಆಕ್ಸಿಜನ್ ಇರುವ ಬರಿಯ ಗಾಳಿಯಲ್ಲಿ ಅದು ಲೆಕ್ಕದ ಪ್ರಕಾರ ಸುಮಾರು 24 ಸಾವಿರ ಗಂಟೆ, ಅಂದರೆ ಎರಡೂವರೆ ವರ್ಷಕ್ಕೂ ಹೆಚ್ಚು ಬರಬೇಕು. ಅದೇ ಸೆನ್ಸರನ್ನು ಪ್ಲಾಂಟಿನ ಶೇ. 93ರ ಲೈನಿಗೆ ಹಗಲು ರಾತ್ರಿ ಕಚ್ಚಿಸಿಟ್ಟರೆ ಏಳೆಂಟು ತಿಂಗಳಿಗೆ ಮುಗಿಯಿತು. ಸೆಖೆ ಹೆಚ್ಚಿದ್ದರೆ ಅಷ್ಟೂ ಇಲ್ಲ. ಅಳತೆ ಮುಗಿದ ಕೂಡಲೇ ಸೆನ್ಸರನ್ನು ಲೈನಿನಿಂದ ಬಿಡಿಸಿ ಗಾಳಿಗೆ ಇಡಿ. ಸೆನ್ಸರಿನ ಆಯುಸ್ಸನ್ನು ಇಷ್ಟು ಉಳಿಸುವ ಅಭ್ಯಾಸ ಇನ್ನೊಂದಿಲ್ಲ.

ಹೊರಗಿನ ಗಾಳಿಯೇ ಮೊದಲ ಪರೀಕ್ಷೆ

ಯಾವ ಅಳತೆಗೂ ಮೊದಲು ಮೀಟರನ್ನು ಶುದ್ಧ ಗಾಳಿಗೆ ಹಿಡಿಯಬೇಕು. ಒಣ ಗಾಳಿಯಲ್ಲಿ ಆಕ್ಸಿಜನ್ ಶೇ. 20.9, ಅದು ಕರಾವಳಿಯಲ್ಲೂ ಅಷ್ಟೇ, ಮಲೆನಾಡಿನಲ್ಲೂ ಅಷ್ಟೇ. ಇಷ್ಟು ನಂಬಿಕಸ್ತ ಅಳತೆಗೋಲು ದುಡ್ಡಿಲ್ಲದೆ ಸಿಕ್ಕಿರುವಾಗ ಬಿಡಬಾರದು. ಆದರೆ 'ಶುದ್ಧ ಗಾಳಿ' ಎಂದರೆ ವಾರ್ಡಿನೊಳಗಿನ ಗಾಳಿಯಲ್ಲ. ನಾಲ್ಕಾರು ಹಾಸಿಗೆಗಳಲ್ಲಿ ಆಕ್ಸಿಜನ್ ಹರಿಯುತ್ತಿರುವ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದು ಶೇ. 22 ಆಗಿದ್ದೀತು. ಅದನ್ನೇ 20.9 ಎಂದು ಮೀಟರ್‌ಗೆ ಹೇಳಿಕೊಟ್ಟರೆ ಆಮೇಲಿನ ಎಲ್ಲ ಅಳತೆಯೂ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ವರಾಂಡಕ್ಕೋ ಅಂಗಳಕ್ಕೋ ಬನ್ನಿ.

ಅಲ್ಲಿ ಏನಾಗುತ್ತದೆ ನೋಡಿ. ಟ್ಯೂಬ್ ಬಿಚ್ಚಿ, ಸೆನ್ಸರಿನ ಮುಖ ಕೆಳಗೆ ಮಾಡಿ, ನಿಮ್ಮ ಉಸಿರು ತಾಗದಷ್ಟು ದೂರ ಹಿಡಿಯಿರಿ. ನಾವು ಹೊರಬಿಡುವ ಉಸಿರಿನಲ್ಲಿ ಆಕ್ಸಿಜನ್ ಶೇ. 16ರ ಆಸುಪಾಸು ಮಾತ್ರ. ಪರದೆಯ ಅಂಕಿ ಮೊದಲು ಓಡಾಡುತ್ತದೆ: 20.3, 20.6, 20.5. ಅದು ಓಡಾಡುತ್ತಿರುವಾಗಲೇ ಕ್ಯಾಲಿಬ್ರೇಶನ್ ಬಟನ್ ಒತ್ತುವುದು ಎಲ್ಲೆಡೆ ಕಾಣುವ ಆತುರ. ಒಂದೆರಡು ನಿಮಿಷ ಕಾಯಿರಿ. ಎಸಿ ಕೋಣೆಯಿಂದ ಬಿಸಿಲಿಗೆ ತಂದಿದ್ದರೆ ಇನ್ನೂ ಹತ್ತಿಪ್ಪತ್ತು ನಿಮಿಷ ಕೊಡಿ, ಸೆನ್ಸರಿನ ಮೈಬಿಸಿ ಹೊರಗಿನದಕ್ಕೆ ಹೊಂದಿಕೊಳ್ಳಬೇಕು. ಅಂಕಿ ನಿಂತ ಮೇಲೆ ಒತ್ತಿ. ಒತ್ತುವ ಮೊದಲು ಎಷ್ಟಿತ್ತೆಂದು ಪುಸ್ತಕದಲ್ಲಿ ಬರೆದಿಡಿ. ನಿನ್ನೆ 20.7, ಇಂದು 20.6 ಇದ್ದರೆ ಚಿಂತೆಯಿಲ್ಲ. ನಿನ್ನೆ 20.7 ಇದ್ದದ್ದು ಇಂದು 18.9 ಆಗಿದ್ದರೆ ಸರಿಪಡಿಸಿ ಮುಂದೆ ಹೋಗುವ ಮೊದಲು ಕಾರಣ ಹುಡುಕಿ.

ಕಾರಣ ಕೆಲವೊಮ್ಮೆ ಘಟ್ಟವೇ ಆಗಿರುತ್ತದೆ. ಈ ಸೆನ್ಸರ್ ನಿಜವಾಗಿ ಅಳೆಯುವುದು ಶೇಕಡಾವಾರನ್ನಲ್ಲ, ಪೊರೆಯ ಮೇಲೆ ಆಕ್ಸಿಜನ್ ಹಾಕುವ ಒತ್ತಡವನ್ನು. ಮಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು 1,013 ಹೆಕ್ಟೊಪ್ಯಾಸ್ಕಲ್. ಬೆಂಗಳೂರಿನಲ್ಲಿ 910ರ ಹತ್ತಿರ, ಮಡಿಕೇರಿಯಲ್ಲಿ 880ರ ಹತ್ತಿರ. ಮಂಗಳೂರಿನಲ್ಲಿ ಹೊಂದಿಸಿದ ಮೀಟರನ್ನು ಹಾಗೆಯೇ ಮಡಿಕೇರಿಗೆ ಒಯ್ದು ಆನ್ ಮಾಡಿದರೆ ಒಳ್ಳೆಯ ಗಾಳಿಯಲ್ಲೇ ಶೇ. 18 ಚಿಲ್ಲರೆ ತೋರಿಸುತ್ತದೆ. ಮಡಿಕೇರಿಯಲ್ಲಿ ಹೊಂದಿಸಿ ಕೆಳಗೆ ತಂದರೆ ಶೇ. 93ರ ಆಕ್ಸಿಜನ್ನಿಗೆ ನೂರು ಮೀರಿದ ಅಂಕಿ ಬರುತ್ತದೆ. ಒತ್ತಡವನ್ನು ತಾವೇ ಲೆಕ್ಕ ಹಿಡಿದು ಸರಿಪಡಿಸಿಕೊಳ್ಳುವ ಮೀಟರುಗಳೂ ಇವೆ. ನಿಮ್ಮದು ಅಂಥದ್ದೇ ಎಂದು ಕೈಪಿಡಿ ನೋಡಿ ಖಚಿತಪಡಿಸಿಕೊಳ್ಳುವವರೆಗೆ, ಊರು ಬದಲಾದಾಗಲೆಲ್ಲ ಗಾಳಿಗೆ ಹಿಡಿದು ಮತ್ತೆ ಹೊಂದಿಸಿ. ಆಂಬುಲೆನ್ಸ್‌ನಲ್ಲಿ ಘಟ್ಟ ಹತ್ತಿ ಇಳಿಯುವವರಿಗೆ ಇದು ದಿನನಿತ್ಯದ ಮಾತು.

ಒತ್ತಡ, ನೀರು

ಸೆನ್ಸರ್ ಒಂದೇ ಏಟಿಗೆ ಹಾಳಾಗುವುದು ಒತ್ತಡದಿಂದ. ಗೋಡೆಯ ಔಟ್‌ಲೆಟ್‌ನಲ್ಲಿ ಆಕ್ಸಿಜನ್ ಸುಮಾರು 4 ಬಾರ್ ಒತ್ತಡದಲ್ಲಿ ಇರುತ್ತದೆ, ತುಂಬಿದ ಸಿಲಿಂಡರಿನಲ್ಲಿ ನೂರು ಬಾರ್ ಮೀರಿ. ಆ ತೆಳು ಪೊರೆ ಇದನ್ನು ತಡೆಯಲಾರದು. ಸಿಲಿಂಡರ್ ಆದರೆ ರೆಗ್ಯುಲೇಟರ್, ಅದರ ಮುಂದೆ ಫ್ಲೋಮೀಟರ್, ಅದರ ಮುಂದೆ ಟ್ಯೂಬ್, ಕೊನೆಗೆ ಸೆನ್ಸರ್ ಕೂರಿಸಿದ, ಮೂರು ಬಾಯಿಯ ಟೀ ಕನೆಕ್ಟರ್. ಟೀಯ ಇನ್ನೊಂದು ಬಾಯಿ ತೆರೆದೇ ಇರಬೇಕು. ಅನಿಲ ಸೆನ್ಸರಿನ ಮುಂದೆ ಹಾದು ಹೊರಗೆ ಹೋಗಬೇಕು, ಅಲ್ಲಿಯೇ ಕಟ್ಟಿ ನಿಲ್ಲಬಾರದು. ಬಾಯಿಗೆ ಬೆರಳಿಟ್ಟು ಮುಚ್ಚಿ "ಈಗ ಸರಿಯಾಗಿ ಏರಿತು" ಎನ್ನುವವರಿದ್ದಾರೆ. ಏರಿದ್ದು ಒತ್ತಡ. ಒತ್ತಡ ಶೇ. 5 ಹೆಚ್ಚಾದರೆ ರೀಡಿಂಗೂ ಅಷ್ಟೇ ಪಾಲು ಹೆಚ್ಚುತ್ತದೆ, ಆಕ್ಸಿಜನ್ ಇದ್ದಷ್ಟೇ ಇರುತ್ತದೆ. ಮೊದಲು ಫ್ಲೋ ಸಣ್ಣಗೆ ತೆರೆದು, ನಿಮಿಷಕ್ಕೆ ಒಂದೆರಡು ಲೀಟರ್ ಹರಿಯಲು ಬಿಟ್ಟು, ಆಮೇಲೆ ಸೆನ್ಸರ್ ಸೇರಿಸಿ. ಬಿಚ್ಚುವಾಗ ಸೆನ್ಸರ್ ಮೊದಲು, ಫ್ಲೋ ನಿಲ್ಲಿಸುವುದು ಆಮೇಲೆ. ಸಾಮಾನ್ಯವಾಗಿ 15 ಸೆಕೆಂಡಿನಲ್ಲಿ ಅಂಕಿ ಬಹುಪಾಲು ಏರಿಬಿಡುತ್ತದೆ, ಉಳಿದ ಒಂದೆರಡು ಅಂಕಿಗೆ ಇನ್ನೊಂದು ನಿಮಿಷ ಬೇಕು.

ಒತ್ತಡ ಒಂದೇಟಿಗೆ ಮುರಿದರೆ ನೀರು ಮೆಲ್ಲಗೆ ಮೋಸ ಮಾಡುತ್ತದೆ. ಪೊರೆಯ ಮೇಲೆ ಒಂದು ಹನಿ ಕುಳಿತರೂ ಅಷ್ಟು ಜಾಗದಲ್ಲಿ ಆಕ್ಸಿಜನ್ ಒಳಗೆ ಹೋಗದು, ಅಂಕಿ ಇಳಿಯುತ್ತದೆ. ಅಳತೆಯನ್ನು ಯಾವಾಗಲೂ ಹ್ಯುಮಿಡಿಫೈಯರ್ ಬಾಟಲಿಗೆ ಮೊದಲೇ, ಒಣ ಅನಿಲದಲ್ಲಿ ಮಾಡಿ. ಬಾಟಲಿಯ ನಂತರ ಅಳೆದರೆ ಹನಿ ಕುಳಿತುಕೊಳ್ಳುವುದಲ್ಲದೆ ನೀರಾವಿಯೇ ಜಾಗ ಹಿಡಿಯುತ್ತದೆ. 37 ಡಿಗ್ರಿಯಲ್ಲಿ ಪೂರ್ಣ ತೇವ ತುಂಬಿದ ನೂರು ಶೇಕಡಾ ಆಕ್ಸಿಜನ್ನನ್ನು ಮೀಟರು 94 ಎಂದು ತೋರಿಸುತ್ತದೆ, ಅದು ಮೀಟರಿನ ತಪ್ಪೂ ಅಲ್ಲ. ವೆಂಟಿಲೇಟರ್ ಅಥವಾ ಸಿಪ್ಯಾಪ್ ಸರ್ಕ್ಯೂಟ್‌ನಲ್ಲಿ ಸೆನ್ಸರಿನ ಜಾಗವನ್ನು ತಯಾರಕರು ಎಲ್ಲಿ ಗುರುತಿಸಿದ್ದಾರೋ ಅಲ್ಲೇ, ಮುಖ ಕೆಳಗೆ ಮಾಡಿ ಕೂರಿಸಿ. ಆಗ ಹನಿಯಾದರೂ ಕೆಳಗೆ ಬೀಳುತ್ತದೆ.

ಪೊರೆ ಒದ್ದೆಯಾಗಿದ್ದು ಕಂಡರೆ ಕೈ ತಡೆಯಿರಿ. ಹತ್ತಿಯಿಂದ ಒರೆಸುವುದು, ಬಟ್ಟೆ ಮೂಲೆ ತುರುಕುವುದು, ಊದುವುದು ಬೇಡ. ಸೆನ್ಸರ್ ಬಿಚ್ಚಿ, ಮುಖ ಕೆಳಗೆ ಮಾಡಿ, ಫ್ಯಾನಿನ ಗಾಳಿ ಆಡುವ ಕಡೆ ತಾನಾಗಿ ಒಣಗಲು ಬಿಡಿ. ಶುಚಿ ಮಾಡಬೇಕಾದಾಗ ಹೊರಮೈಯನ್ನಷ್ಟೇ ಕೈಪಿಡಿ ಹೇಳಿದ ದ್ರವದಿಂದ ಒರೆಸಬಹುದು. ಆಟೋಕ್ಲೇವ್, ಇಟಿಒ (ಎಥಿಲೀನ್ ಆಕ್ಸೈಡ್) ಅನಿಲ, ದ್ರಾವಣದಲ್ಲಿ ನೆನೆಸುವುದು ಇವೆಲ್ಲ ಈ ಸೆನ್ಸರ್‌ಗೆ ಆಗಿಬರುವುದಿಲ್ಲ. ಸೋಂಕಿರುವ ರೋಗಿಯ ಸರ್ಕ್ಯೂಟ್ ಆದರೆ ಫಿಲ್ಟರ್ ಹಾಕಿಕೊಳ್ಳಿ.

ಗಾಳಿಯಲ್ಲಿ ಪಾಸು, ಆಕ್ಸಿಜನ್‌ನಲ್ಲಿ ಫೇಲು

ಮುದಿಯಾದ ಸೆನ್ಸರ್‌ನ ಒಂದು ಗುಣವನ್ನು ಪ್ರತಿಯೊಬ್ಬ ಬಳಕೆದಾರರೂ ತಿಳಿದಿರಬೇಕು. ಸೀಸ ಬಹುಪಾಲು ಮುಗಿದ ಮೇಲೂ ಗಾಳಿಯ ಶೇ. 20.9ಕ್ಕೆ ಬೇಕಾಗುವ ಸಣ್ಣ ವಿದ್ಯುತ್ತನ್ನು ಅದು ಕೊಡಬಲ್ಲದು. ಗಾಳಿಗೆ ಹಿಡಿದರೆ ಪಾಸಾಗುತ್ತದೆ. ಶೇ. 93ರ ಅನಿಲಕ್ಕೆ ಹಿಡಿದಾಗ ನಾಲ್ಕೂವರೆ ಪಟ್ಟು ವಿದ್ಯುತ್ತು ಬೇಕು, ಅಷ್ಟು ಅದರಲ್ಲಿ ಉಳಿದಿಲ್ಲ. 80 ದಾಟಿ ಮೇಲೇರದೆ ನಿಂತುಬಿಡುತ್ತದೆ. ಪ್ಲಾಂಟ್ ಕೆಟ್ಟಿದೆ ಎಂದು ಕಂಪನಿಗೆ ಫೋನ್ ಹೋಗುತ್ತದೆ, ವಾರ್ಡನ್ನು ಸಿಲಿಂಡರಿಗೆ ಬದಲಾಯಿಸುತ್ತಾರೆ, ತಂತ್ರಜ್ಞರು ಬಂದು ನೋಡಿದರೆ ಪ್ಲಾಂಟ್ ಸರಿಯಿದೆ. ಇದರ ತಿರುವುಮುರುವೂ ಇದೆ, ಅದು ಇನ್ನೂ ಕೆಟ್ಟದ್ದು: ಪದೇ ಪದೇ ಹೀಗಾಗಿ, ಕೊನೆಗೆ ನಿಜವಾಗಿ ಪ್ಲಾಂಟಿನ ಶುದ್ಧತೆ ಇಳಿದ ದಿನ "ಸೆನ್ಸರ್ ಹಳೆಯದು" ಎಂದು ಯಾರೂ ಗಮನಿಸುವುದಿಲ್ಲ.

ಆದ್ದರಿಂದ ಅಳತೆಯ ಎರಡನೇ ತುದಿಯಲ್ಲೂ, ಅಂದರೆ ಶುದ್ಧ ಆಕ್ಸಿಜನ್ನಿನಲ್ಲೂ, ಪರೀಕ್ಷೆ ಬೇಕು. ವೈದ್ಯಕೀಯ ಆಕ್ಸಿಜನ್ ಸಿಲಿಂಡರ್‌ನ ಶುದ್ಧತೆ ಶೇ. 99ಕ್ಕೂ ಮೇಲೆ. ವಾರಕ್ಕೊಮ್ಮೆಯಾದರೂ ಫ್ಲೋಮೀಟರ್ ಮೂಲಕ ಅದನ್ನು ಸೆನ್ಸರ್‌ಗೆ ಕೊಟ್ಟು ನೋಡಿ. ಗಾಳಿಗೆ ಸರಿಯಾಗಿ ಹೊಂದಿಸಿದ ಮೀಟರು ಇಲ್ಲಿ 97ಕ್ಕಿಂತ ಕೆಳಗೆ ನಿಂತರೆ ಸೆನ್ಸರಿನ ಕಾಲ ಮುಗಿಯುತ್ತ ಬಂದಿದೆ ಎಂದು ತಿಳಿಯಬೇಕು. ಕೆಲವು ಮೀಟರುಗಳಲ್ಲಿ ಕ್ರಮ ಇದರ ಉಲ್ಟಾ, ನೂರಕ್ಕೆ ಹೊಂದಿಸಿ ಗಾಳಿಯಲ್ಲಿ ಪರೀಕ್ಷಿಸುವುದು. ನಿಮ್ಮ ಕೈಪಿಡಿಯದ್ದೇ ಅಂತಿಮ ಮಾತು. ಯಾವ ಕ್ರಮವಾದರೂ, ಪ್ಲಾಂಟಿನದ್ದೋ ಕಾನ್ಸಂಟ್ರೇಟರಿನದ್ದೋ ಅನಿಲವನ್ನು ಶೇ. 93 ಎಂದು ನಂಬಿ ಮೀಟರನ್ನು ಅದಕ್ಕೆ ಹೊಂದಿಸುವುದು ಮಾತ್ರ ಸಲ್ಲದು. ಯಾವುದನ್ನು ಪರೀಕ್ಷಿಸಬೇಕೋ ಅದನ್ನೇ ಸಾಕ್ಷಿಗೆ ಕರೆದಂತೆ ಆಗುತ್ತದೆ.

ಕೈಯಲ್ಲಿ ಸಿಲಿಂಡರ್ ಇಲ್ಲದಿದ್ದರೂ ಒಂದು ಸೂಕ್ಷ್ಮ ನೆನಪಿಟ್ಟುಕೊಳ್ಳಿ. ಪಿಎಸ್‌ಎ ಪ್ಲಾಂಟ್ ಮತ್ತು ಕಾನ್ಸಂಟ್ರೇಟರ್ ಎರಡೂ ಗಾಳಿಯಿಂದ ಸಾರಜನಕವನ್ನು ತೆಗೆಯುತ್ತವೆ, ಆರ್ಗಾನ್ ಅನ್ನು ತೆಗೆಯಲು ಅವಕ್ಕೆ ಬರುವುದಿಲ್ಲ. ಗಾಳಿಯಲ್ಲಿ ಶೇ. 0.93 ಇದ್ದ ಆರ್ಗಾನ್ ಆಕ್ಸಿಜನ್ನಿನ ಜೊತೆಗೇ ಸಾಂದ್ರವಾಗಿ ಉಳಿಯುತ್ತದೆ. ಆದ್ದರಿಂದ ಈ ಯಂತ್ರಗಳಿಂದ ಬರುವ ಆಕ್ಸಿಜನ್ ಶೇ. 96ರ ಆಚೆ ಹೋಗಲಾರದು. ಭಾರತೀಯ ಫಾರ್ಮಕೋಪಿಯ ಇದಕ್ಕೆ ಶೇ. 90ರಿಂದ 96ರ ಮಿತಿ ಇಟ್ಟಿರುವುದೂ ಈ ಕಾರಣಕ್ಕೇ. ಪ್ಲಾಂಟಿನ ಅನಿಲಕ್ಕೆ ಮೀಟರು 99 ತೋರಿಸಿದರೆ ಹಿಗ್ಗಬೇಡಿ, ಮೀಟರು ತಪ್ಪು. ಪೊರೆ ಹರಿದಿರಬಹುದು, ಒತ್ತಡ ಕಟ್ಟಿರಬಹುದು, ಗಾಳಿಗೆ ತಪ್ಪಾಗಿ ಹೊಂದಿಸಿರಬಹುದು. ಕಾನ್ಸಂಟ್ರೇಟರ್ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಕೆಳಗಿನ ಗೆರೆ ಶೇ. 82. ಅಳೆಯುವಾಗ ಅದು ಕೊಡಬಲ್ಲ ಅತಿ ಹೆಚ್ಚಿನ ಫ್ಲೋ ಇಟ್ಟೇ ನೋಡಿ, ಯಂತ್ರ ಆನ್ ಆದ ಕೂಡಲೇ ಅಳೆಯದೆ ಐದಾರು ನಿಮಿಷ ಓಡಲು ಬಿಟ್ಟು.

ಇತ್ತೀಚೆಗೆ ಅಗ್ಗಕ್ಕೆ ಸಿಗುತ್ತಿರುವ ಮೀಟರುಗಳಲ್ಲಿ ಹಲವು ಅಲ್ಟ್ರಾಸಾನಿಕ್. ಅವುಗಳಲ್ಲಿ ಸವೆಯುವ ಸೀಸವಿಲ್ಲ, ಸೆನ್ಸರ್ ಬದಲಿಸುವ ಖರ್ಚಿಲ್ಲ, ಕಾನ್ಸಂಟ್ರೇಟರ್ ಪರೀಕ್ಷೆಗೆ ಚೆನ್ನಾಗಿಯೇ ಇವೆ. ಆದರೆ ಅವು ಆಕ್ಸಿಜನ್ನನ್ನು ನೇರವಾಗಿ ಅಳೆಯುವುದಿಲ್ಲ. ಅನಿಲದಲ್ಲಿ ಶಬ್ದ ಓಡುವ ವೇಗ ನೋಡಿ, ಇದರಲ್ಲಿ ಇಂತಿಷ್ಟು ಆಕ್ಸಿಜನ್, ಉಳಿದದ್ದು ಸಾರಜನಕ ಎಂದು ಲೆಕ್ಕ ಹಾಕುತ್ತವೆ. ಆಪರೇಷನ್ ಥಿಯೇಟರ್‌ನಲ್ಲಿ ನೈಟ್ರಸ್ ಆಕ್ಸೈಡ್ ಸೇರಿದ ಅನಿಲಕ್ಕೆ ಈ ಲೆಕ್ಕ ಪೂರ್ತಿ ತಪ್ಪುತ್ತದೆ. ಅಲ್ಲಿ ಇದನ್ನು ಹಿಡಿಯಲೇಬಾರದು.

ಬೆಂಕಿಯ ಮಾತು

ಆಕ್ಸಿಜನ್ ತಾನಾಗಿ ಉರಿಯುವುದಿಲ್ಲ, ಉಳಿದದ್ದನ್ನೆಲ್ಲ ಉರಿಸುತ್ತದೆ. ಕೋಣೆಯ ಗಾಳಿಯಲ್ಲಿ ಅದು ಶೇ. 23.5 ದಾಟಿತೆಂದರೆ ಬಟ್ಟೆ, ಕೂದಲು, ಹಾಸಿಗೆ ಎಲ್ಲಕ್ಕೂ ಬೆಂಕಿ ಬೇಗ ಹತ್ತುತ್ತದೆ. ಅನಲೈಜರ್ ಹಿಡಿದು ಕೆಲಸ ಮಾಡುವಾಗ ಟೀಯ ತೆರೆದ ಬಾಯಿಂದ ಆಕ್ಸಿಜನ್ ಹೊರಗೆ ಬರುತ್ತಲೇ ಇರುತ್ತದೆ. ಕಿಟಕಿ ತೆರೆದಿರಲಿ, ಆ ಬಾಯಿ ನಿಮ್ಮ ಅಂಗಿಯ ಕಡೆಗಾಗಲಿ ರೋಗಿಯ ಹೊದಿಕೆಯ ಕಡೆಗಾಗಲಿ ತಿರುಗಿರದಿರಲಿ. ಕೈಗೆ ಹಚ್ಚಿದ ಸ್ಯಾನಿಟೈಜರ್ ಪೂರ್ತಿ ಒಣಗಿದ ಮೇಲೆ ಮುಟ್ಟಿ. ಕೊಬ್ಬರಿ ಎಣ್ಣೆ, ವ್ಯಾಸಲೀನ್, ಗ್ರೀಸ್ ತಾಗಿದ ಕೈ ರೆಗ್ಯುಲೇಟರ್ ಹತ್ತಿರ ಹೋಗಕೂಡದು. ಒತ್ತಡದ ಆಕ್ಸಿಜನ್ನಿಗೆ ಎಣ್ಣೆ ಸಿಕ್ಕರೆ ಕಿಡಿಯೇ ಬೇಕಿಲ್ಲ. ಸೆನ್ಸರ್ ತಿರುಗಿಸಲು ಬಿಗಿಯಾಗಿದೆ ಎಂದು ಅದರ ತಿರುಪಿಗೆ ಹನಿ ಎಣ್ಣೆ ಬಿಡುವುದು ಜೀವಕ್ಕೆ ಕುತ್ತು. ಮನೆಯಲ್ಲಿ ಕಾನ್ಸಂಟ್ರೇಟರ್ ಇದ್ದರೆ ದೇವರ ದೀಪ, ಊದುಬತ್ತಿ, ಗ್ಯಾಸ್ ಒಲೆ ಇನ್ನೊಂದು ಕೋಣೆಯಲ್ಲಿರಲಿ.

ಕೊಳ್ಳುವಾಗ, ಇಡುವಾಗ, ಎಸೆಯುವಾಗ

ಬಿಡಿ ಸೆನ್ಸರ್‌ಗಳನ್ನು ಒಟ್ಟಿಗೆ ಹತ್ತಾರು ತರಿಸಿ ಸ್ಟೋರಿನಲ್ಲಿ ಇಡುವುದರಿಂದ ಲಾಭವಿಲ್ಲ. ಸೀಲ್ ಮಾಡಿದ ಚೀಲದೊಳಗೂ ಅವು ನಿಧಾನವಾಗಿ ಹಳತಾಗುತ್ತವೆ. ಕೊಳ್ಳುವಾಗ ತಯಾರಾದ ತಿಂಗಳು ನೋಡಿ, ಚೀಲ ಊದಿದ್ದರೆ ಅಥವಾ ಸೀಲ್ ಬಿಟ್ಟಿದ್ದರೆ ವಾಪಸ್ ಕೊಡಿ. ತಂಪಾದ ಕಪಾಟಿನಲ್ಲಿಡಿ, ಫ್ರೀಜರ್‌ನಲ್ಲಿ ಇಟ್ಟರೆ ಒಳಗಿನ ದ್ರಾವಣ ಗಡ್ಡೆ ಕಟ್ಟಿ ಡಬ್ಬಿ ಸೀಳಬಹುದು. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಆಂಬುಲೆನ್ಸ್‌ನ ಡ್ಯಾಶ್‌ಬೋರ್ಡ್ ಮೇಲೆ ಮೀಟರ್ ಬಿಡುವುದೂ ಅಷ್ಟೇ ಕೆಟ್ಟದ್ದು. ಚೀಲ ಒಡೆದ ದಿನ ಮಾರ್ಕರ್ ಪೆನ್ನಿನಿಂದ ಸೆನ್ಸರಿನ ಮೈಮೇಲೆಯೇ ತಾರೀಖು ಬರೆಯಿರಿ. ಒಡೆದ ಕೂಡಲೇ ಕೆಲಸಕ್ಕೆ ಹಚ್ಚದೆ ಕೈಪಿಡಿ ಹೇಳಿದಷ್ಟು ಹೊತ್ತು ಗಾಳಿಯಲ್ಲಿ ಕೂರಲು ಬಿಡಿ. ಕೆಲವಕ್ಕೆ ಇಪ್ಪತ್ತು ನಿಮಿಷ ಸಾಕು, ಕೆಲವಕ್ಕೆ ಇಡೀ ದಿನ ಬೇಕು.

ಮೀಟರು ಕೈಜಾರಿ ಬಿದ್ದರೆ ಪೆಟ್ಟು ಕಾಣದಿದ್ದರೂ ಒಳಗಿನ ದ್ರಾವಣದಲ್ಲಿ ಗುಳ್ಳೆ ಹಿಡಿದಿರಬಹುದು, ತಂತಿ ಬಿಟ್ಟಿರಬಹುದು. ಸ್ವಲ್ಪ ಹೊತ್ತು ಬಿಟ್ಟು ಎರಡೂ ತುದಿಯ ಪರೀಕ್ಷೆ ಮಾಡದೆ ಮತ್ತೆ ರೋಗಿಯ ಹತ್ತಿರ ಒಯ್ಯಬೇಡಿ. ತಿಂಗಳುಗಟ್ಟಲೆ ಬಳಸದಿದ್ದರೆ ಬ್ಯಾಟರಿ ತೆಗೆದಿಡಿ.

ಸೆನ್ಸರ್ ಕೂರುವ ಗೂಡಿನಲ್ಲಿ ಬಿಳಿ ಪುಡಿಯೋ ಜಿಗುಟು ತೇವವೋ ಕಂಡರೆ ಅದು ಸೋರಿದ ಕ್ಷಾರ. ಬರಿಗೈಯಲ್ಲಿ ಮುಟ್ಟಬೇಡಿ, ಗ್ಲೌಸ್ ಹಾಕಿ. ಚರ್ಮಕ್ಕೆ ತಾಗಿದರೆ ಧಾರಾಳ ನೀರಿನಲ್ಲಿ ತೊಳೆಯಿರಿ; ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷ ಬಿಡದೆ ನೀರು ಹಾಯಿಸಿ ನೇರ ಕಣ್ಣಿನ ವೈದ್ಯರ ಹತ್ತಿರ ಹೋಗಬೇಕು. ಮುಗಿದ ಸೆನ್ಸರನ್ನು ಬಿಚ್ಚಿ ನೋಡುವ ಕುತೂಹಲ ಬೇಡ, ಮಕ್ಕಳ ಕೈಗೂ ಬೇಡ. ಒಳಗೆ ಸೀಸವಿರುವುದರಿಂದ ಅದು ವಾರ್ಡಿನ ಹಳದಿ ಚೀಲಕ್ಕೆ ಹೋಗಬಾರದು, ಆ ಚೀಲ ಹೋಗುವುದು ಸುಡುವ ಕುಲುಮೆಗೆ. ಕವರಿನಲ್ಲಿ ಸುತ್ತಿ ಇ-ತ್ಯಾಜ್ಯದ ಪೆಟ್ಟಿಗೆಗೆ ಹಾಕಿ, ಅಥವಾ ಹೊಸದು ಕೊಟ್ಟ ಡೀಲರ್‌ಗೇ ಒಪ್ಪಿಸಿ. ಒಪ್ಪಿಸುವ ಮೊದಲು ಅದರ ಮೈಮೇಲಿನ ತಾರೀಖನ್ನು ಲಾಗ್ ಪುಸ್ತಕಕ್ಕೆ ಇಳಿಸಿಕೊಳ್ಳಿ. ಎರಡು ಮೂರು ಸೆನ್ಸರ್ ಆಗುವಷ್ಟರಲ್ಲಿ ನಿಮ್ಮ ಆಸ್ಪತ್ರೆಯ ಬಳಕೆಗೆ ಒಂದೊಂದು ಎಷ್ಟು ತಿಂಗಳು ಬರುತ್ತದೆ ಎಂದು ಗೊತ್ತಾಗುತ್ತದೆ. ಮುಂದಿನ ಇಂಡೆಂಟ್ ಅದಕ್ಕೆ ಎರಡು ತಿಂಗಳು ಮುಂಚೆಯೇ ಹೋಗಲಿ.